ಬಾಗಿ ನಿಂತ ಕಬ್ಬಿಣ: ಹುಣಸೂರು ಸೀಮೆಯ ಚಕ್ರ, ಕುಲುಮೆ, ಕಂಬಿ

1864ರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿಗಳು ನಡೆದವು. ಮೈಸೂರಿನಿಂದ ಪಶ್ಚಿಮಕ್ಕೆ 28 ಮೈಲಿ ದೂರದ ಹುಣಸೂರಿನಲ್ಲಿ ಸೇನೆಯ ಬಳಕೆಗಾಗಿ ನಡೆಯುತ್ತಿದ್ದ ಸರ್ಕಾರಿ ಕಾರ್ಖಾನೆಗಳು ನಿಂತುಹೋದವು. ಚರ್ಮ ಹದಮಾಡುವ ದೊಡ್ಡ ಕಾರ್ಖಾನೆ, ಕಂಬಳಿ ಮತ್ತು ಬಟ್ಟೆಯ ಕಾರ್ಖಾನೆಗಳು, ಮರದ ಅಂಗಳ ಎಲ್ಲವೂ ಆ ವರ್ಷಕ್ಕೆ ಮುಗಿದವು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಆನ್ರಿ ಟ್ರೆಸ್ಕಾ ಎಂಬ ಎಂಜಿನಿಯರ್ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಪ್ರಬಂಧ ಮಂಡಿಸಿದ. ಸಾಕಷ್ಟು ಒತ್ತಡ ಹಾಕಿದರೆ ಘನ ಲೋಹವೂ ದ್ರವದ ಹಾಗೆ ಹರಿಯುತ್ತದೆ, ಆ ಹರಿವಿಗೂ ಒಂದು ನಿಯಮವಿದೆ ಎಂಬುದು ಆ ಪ್ರಬಂಧದ ಸಾರ. ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ 'ಪ್ಲಾಸ್ಟಿಕ್ ವಿರೂಪ'ದ ಚರಿತ್ರೆ ಸಾಮಾನ್ಯವಾಗಿ ಶುರುವಾಗುವುದೇ ಟ್ರೆಸ್ಕಾನಿಂದ.

ನನ್ನ ಸಂಶೋಧನೆಯ ವಸ್ತು ಹತ್ತೊಂಬತ್ತನೇ ಶತಮಾನದ ಮೈಸೂರಿನ ಕುಶಲಕರ್ಮಿಗಳು. ಹಾಗಾಗಿ ನನ್ನ ಕಣ್ಣು ಸಹಜವಾಗಿ ಮೊದಲನೆಯ ಸಂಗತಿಯ ಮೇಲೆಯೇ ನಿಲ್ಲುತ್ತದೆ. ಆದರೆ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ. ಟ್ರೆಸ್ಕಾ ನಿಯಮ ಬರೆಯುವ ಮೊದಲು ಲೋಹ ಹರಿಯುತ್ತಿರಲಿಲ್ಲವೇ? ಹುಣಸೂರು, ಪಿರಿಯಾಪಟ್ಟಣ, ಯಡತೊರೆ, ಹೆಗ್ಗಡದೇವನಕೋಟೆಯ ಕುಲುಮೆಗಳಲ್ಲಿ ದಿನವೂ ಕಬ್ಬಿಣವನ್ನು ಹರಿಸುತ್ತಿದ್ದವರು ಮಾಡುತ್ತಿದ್ದುದನ್ನು ನಾವು ಏನೆಂದು ಕರೆಯಬೇಕು? ಬರೀ ಕೂಲಿ ಎಂದೇ, ಅಥವಾ ವಿನ್ಯಾಸ ಎಂದೇ?

ಮುಂದೆ ಹೋಗುವ ಮೊದಲು ಮಾತಿನ ಅರ್ಥ ಸ್ಪಷ್ಟ ಮಾಡಿಕೊಳ್ಳೋಣ. ಒಂದು ಕಬ್ಬಿಣದ ತಂತಿಯನ್ನು ತುಸುವೇ ಬಾಗಿಸಿ ಬಿಟ್ಟರೆ ಅದು ಮತ್ತೆ ನೆಟ್ಟಗಾಗುತ್ತದೆ. ಇದನ್ನು ನಮ್ಮ ಪಠ್ಯಗಳು ಸ್ಥಿತಿಸ್ಥಾಪಕತೆ ಎನ್ನುತ್ತವೆ. ಇನ್ನೂ ಜೋರಾಗಿ ಬಾಗಿಸಿದರೆ ಕೈಬಿಟ್ಟ ಮೇಲೂ ಒಂದಿಷ್ಟು ಬಾಗು ಉಳಿದುಬಿಡುತ್ತದೆ. ಹೀಗೆ ಉಳಿಯುವ ಬಾಗೇ ಪ್ಲಾಸ್ಟಿಕ್ ವಿರೂಪ. ಇಲ್ಲಿ ಪ್ಲಾಸ್ಟಿಕ್ ಎಂದರೆ ಅಂಗಡಿಯ ಚೀಲವಲ್ಲ. ಅಚ್ಚಿಗೆ ಒಗ್ಗುವಂಥದ್ದು, ರೂಪ ಪಡೆಯುವಂಥದ್ದು ಎಂಬ ಗ್ರೀಕ್ ಮೂಲದ ಅರ್ಥ. ಈ ಬರಹದಲ್ಲಿ ನಾನು ಇವೆರಡನ್ನು 'ಮರಳುವ ಬಾಗು', 'ಉಳಿಯುವ ಬಾಗು' ಎಂದು ಕರೆಯುತ್ತೇನೆ. ಮೊದಲನೆಯದರಲ್ಲಿ ಲೋಹ ತನಗಾದದ್ದನ್ನು ಮರೆಯುತ್ತದೆ, ಎರಡನೆಯದರಲ್ಲಿ ನೆನಪಿಟ್ಟುಕೊಳ್ಳುತ್ತದೆ.

ಹುಣಸೂರು ಏಕೆ?

ಲಕ್ಷ್ಮಣತೀರ್ಥದ ದಂಡೆಯ ಹುಣಸೂರು ಗಾಡಿಗಳಿಗೆ ಹೆಸರಾದದ್ದು ಆಕಸ್ಮಿಕವಲ್ಲ. ಮೈಸೂರಿನಿಂದ ಹೊರಟ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ಪಿರಿಯಾಪಟ್ಟಣದ ಮೇಲೆ ಮಡಿಕೇರಿಗೆ, ಇನ್ನೊಂದು ದಕ್ಷಿಣ ಕೊಡಗನ್ನು ಹಾಯ್ದು ಕಣ್ಣೂರಿಗೆ ಹೋಗುತ್ತದೆ. ಕೊಡಗಿನ ಸರಕು ಇಳಿದು ಬರುವ ದಾರಿಯೂ ಇದೇ.

ಇದಕ್ಕಿಂತ ದೊಡ್ಡ ಕಾರಣ ಅಮೃತಮಹಲ್. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಅರಮನೆಯ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಓಟಕ್ಕೆ, ಫಿರಂಗಿಗಳ ಸಾಗಣೆಗೆ ಈ ಎತ್ತುಗಳೇ ಆಧಾರ. 1799ರ ನಂತರ ಈ ತಳಿ ಬ್ರಿಟಿಷರ ಪಾಲಾಯಿತು, ಹುಣಸೂರು ಅದರ ಕೇಂದ್ರವಾಯಿತು. ಖರ್ಚು ಉಳಿಸುವ ನೆಪದಲ್ಲಿ 1860ರಲ್ಲಿ ಅದನ್ನು ವಿಸರ್ಜಿಸಿದರು. ಒಳ್ಳೆಯ ಎತ್ತುಗಳು ಸಿಗದೆ ಪರದಾಡಿ 1866ರಲ್ಲಿ ಮತ್ತೆ ಶುರುಮಾಡಿದರು.

ಎತ್ತು ಇದ್ದಲ್ಲಿ ನೊಗ ಬೇಕು, ಮಿಣಿ ಬೇಕು, ಗಾಡಿ ಬೇಕು. ಚರ್ಮದ ಕಾರ್ಖಾನೆ, ಮರದ ಅಂಗಳಗಳು ಹುಣಸೂರಿಗೆ ಬಂದ ಹಿನ್ನೆಲೆ ಇದು. ಸುತ್ತಲಿನ ಕಾಡುಗಳಲ್ಲಿ ತೇಗ, ಹೊನ್ನೆ, ಮತ್ತಿ ಇದ್ದವು. ಬಯಲಿನಲ್ಲಿ ಜಾಲಿ ಇತ್ತು. ಹತ್ತೊಂಬತ್ತನೇ ಶತಮಾನದ ಆರಂಭದವರೆಗೂ ಮೈಸೂರು ಸೀಮೆಯ ಸರಕು ಬಹುಪಾಲು ಹೇರೆತ್ತುಗಳ ಬೆನ್ನ ಮೇಲೆ ಸಾಗುತ್ತಿತ್ತು. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ 1834ರಿಂದ 1861ರ ಅವಧಿಯಲ್ಲಿ ರಸ್ತೆಗಳು ಬೆಳೆದವು. ರಸ್ತೆಯ ಹಿಂದೆಯೇ ಗಾಡಿಗಳು ಬಂದವು.

1864ರಲ್ಲಿ ಕಾರ್ಖಾನೆಗಳೇನೋ ಮುಚ್ಚಿದವು, ಆದರೆ ಊರು ಹಳೆಯ ಆಕಾರಕ್ಕೆ ಮರಳಲಿಲ್ಲ. ದಶಕಗಳ ನಂತರ ಬರೆದ ಗೆಜೆಟಿಯರುಗಳೂ ಈ ಮಾತನ್ನು ದಾಖಲಿಸಿವೆ: ಸರ್ಕಾರಿ ಕೆಲಸ ನಿಂತರೂ ಬೂಟು ಮತ್ತು ಚರ್ಮದ ಚೀಲ ಹೊಲಿಯುವುದು, ಒಳ್ಳೆಯ ಕಂಬಳಿ ನೇಯುವುದು, ಗಾಡಿ ಕಟ್ಟುವುದು ಊರಿನಲ್ಲಿ ಉಳಿದುಕೊಂಡವು. ಒತ್ತಡ ತೆಗೆದ ಮೇಲೂ ಉಳಿದ ಬಾಗು ಇದು. ಒಂದು ಊರಿಗೂ ಹೀಗಾಗಬಹುದು.

ಬೆರಣಿಯ ಬೆಂಕಿ, ಒಂದು ಅಂಗುಲದ ಲೆಕ್ಕ

ಎತ್ತಿನ ಗಾಡಿಯ ಚಕ್ರವನ್ನು ಗಮನಿಸಿ. ನಡುವೆ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಸುತ್ತ ಬಾಗುಮರದ ತುಂಡುಗಳು. ಇವನ್ನೆಲ್ಲ ಬಡಗಿ ಒಂದಕ್ಕೊಂದು ಕೂರಿಸಿರುತ್ತಾನೆ. ಆದರೆ ಕೂರಿಸಿದ ಮಾತ್ರಕ್ಕೆ ಅದು ಚಕ್ರವಾಗುವುದಿಲ್ಲ. ಹೊರಸುತ್ತಿನ ಕಬ್ಬಿಣದ ಪಟ್ಟಿ ಬಿಗಿದ ಮೇಲೆಯೇ ಅದಕ್ಕೆ ಭಾರ ಹೊರುವ ತಾಕತ್ತು ಬರುವುದು.

ಪಟ್ಟಿ ಹಾಕುವ ಕೆಲಸ ಕಮ್ಮಾರನದು. ನೇರವಾದ ಕಬ್ಬಿಣದ ಪಟ್ಟಿಯನ್ನು ಬಡಿದು ಬಾಗಿಸಿ, ಎರಡು ತುದಿಗಳನ್ನು ಕಾಯಿಸಿ ಬೆಸೆದು ಬಳೆ ಮಾಡುತ್ತಾರೆ. ಈ ಬಳೆಯ ಸುತ್ತಳತೆ ಚಕ್ರದ ಸುತ್ತಳತೆಗಿಂತ ಬೇಕೆಂದೇ ತುಸು ಕಡಿಮೆ ಇರುತ್ತದೆ. ಅದನ್ನು ನೆಲದ ಮೇಲಿಟ್ಟು ಸುತ್ತಲೂ ಬೆರಣಿ ಪೇರಿಸಿ ಬೆಂಕಿ ಕೊಡುತ್ತಾರೆ. ಬಳೆ ಕೆಂಪಗೆ ಕಾದು ಹಿಗ್ಗಿದಾಗ ಮೂರು ನಾಲ್ಕು ಮಂದಿ ಇಕ್ಕಳಗಳಿಂದ ಎತ್ತಿ ಚಕ್ರದ ಮೇಲೆ ಇಳಿಸುತ್ತಾರೆ. ಮರ ಹೊತ್ತಿಕೊಳ್ಳುವ ಮೊದಲೇ ಸುತ್ತಿಗೆಯಿಂದ ತಟ್ಟಿ ಕೂರಿಸಿ ನೀರು ಸುರಿಯುತ್ತಾರೆ. ಹೊಗೆ, ಹಬೆ, ಅದರ ನಡುವೆ ಮರದ ಕೀಲುಗಳು ಬಿಗಿಯುವ ಕಿರಕಿರ ಸದ್ದು.

ಇದನ್ನು ಬರೀ 'ಹಿಗ್ಗುವುದು, ಕುಗ್ಗುವುದು' ಎಂದು ಶಾಲೆಯ ಪಾಠದಲ್ಲಿ ಹೇಳಿಬಿಡುತ್ತೇವೆ. ಲೆಕ್ಕ ಹಾಕಿ ನೋಡಿದರೆ ಅದಕ್ಕಿಂತ ಹೆಚ್ಚಿನದು ಕಾಣುತ್ತದೆ. ಐದು ಅಡಿ ವ್ಯಾಸದ ಚಕ್ರವೆಂದು ಇಟ್ಟುಕೊಳ್ಳೋಣ. ಸುತ್ತಳತೆ ಸುಮಾರು 4.8 ಮೀಟರ್. ಕಬ್ಬಿಣವನ್ನು ಒಂದು ಡಿಗ್ರಿ ಸೆಲ್ಸಿಯಸ್ ಕಾಯಿಸಿದರೆ ಅದು ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ. 500 ಡಿಗ್ರಿ ಕಾಯಿಸಿದರೆ ಬಳೆಯ ಸುತ್ತಳತೆ ಸುಮಾರು 29 ಮಿಲಿಮೀಟರ್ ಹೆಚ್ಚುತ್ತದೆ, ಅಂದರೆ ಒಂದು ಅಂಗುಲಕ್ಕೂ ತುಸು ಮೇಲೆ. ತಣಿದಾಗ ಅಷ್ಟೂ ಕುಗ್ಗಬೇಕು. ಆದರೆ ಒಳಗೆ ಮರವಿದೆ, ಅದು ಬಿಡುವುದಿಲ್ಲ. ಕುಗ್ಗಲಾರದ ಕಬ್ಬಿಣ ಎಳೆತಕ್ಕೆ ಸಿಕ್ಕಿಕೊಳ್ಳುತ್ತದೆ.

ಇಲ್ಲೇ ಇರುವುದು ಮುಖ್ಯ ವಿಷಯ. ಮೆದು ಕಬ್ಬಿಣ ಮರಳುವ ಬಾಗಿನೊಳಗೆ ಇರುತ್ತಾ ಎಳೆತ ತಾಳುವುದು ತನ್ನ ಉದ್ದದ ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ. ನಮ್ಮ ಬಳೆಗೆ ಅದು ಸುಮಾರು 5 ಮಿಲಿಮೀಟರ್. ಮಿಕ್ಕದ್ದೆಲ್ಲ ಎಲ್ಲಿ ಹೋಯಿತು? ಒಂದು ಪಾಲು ಕೀಲುಗಳ ಸಡಿಲ ತುಂಬುವುದಕ್ಕೆ, ಇನ್ನೊಂದು ಪಾಲು ಮರ ಅದುಮಿಕೊಳ್ಳುವುದಕ್ಕೆ. ಅಷ್ಟಾದ ಮೇಲೂ ಉಳಿದದ್ದನ್ನು ಕಬ್ಬಿಣವೇ ಶಾಶ್ವತವಾಗಿ ಉದ್ದವಾಗಿ ತುಂಬಿಕೊಡುತ್ತದೆ. ಬಳೆ ಹರಿಯುತ್ತದೆ, ಆದರೆ ತುಂಡಾಗುವುದಿಲ್ಲ. ಹರಿಯುವ ಗುಣ ಇರುವುದರಿಂದಲೇ ಕಮ್ಮಾರನ ಅಳತೆ ಒಂದೆರಡು ಮಿಲಿಮೀಟರ್ ತಪ್ಪಿದರೂ ಚಕ್ರ ಸಿಡಿಯುವುದಿಲ್ಲ. ಮರಳುವ ಬಾಗನ್ನು ಮಾತ್ರ ನಂಬಿ ಈ ಚಕ್ರ ಕಟ್ಟಲು ಹೋದರೆ ಯಂತ್ರಗಳ ಕರಾರುವಾಕ್ಕು ಅಳತೆ ಬೇಕಾಗುತ್ತಿತ್ತು. ಹಳ್ಳಿಯ ಕುಲುಮೆಯಲ್ಲಿ ಅದು ಸಾಧ್ಯವೇ ಇರಲಿಲ್ಲ. ಉಳಿಯುವ ಬಾಗು ಇಲ್ಲಿ ದೋಷವಲ್ಲ, ವಿನ್ಯಾಸದ ಒಂದು ಅಂಗ.

ಬಳಕೆಯಲ್ಲೂ ಇದು ಮುಂದುವರಿಯುತ್ತದೆ. ಕಲ್ಲುದಾರಿಯ ಮೇಲೆ ವರ್ಷಾನುಗಟ್ಟಲೆ ಉರುಳುವ ಪಟ್ಟಿಗೆ ಪ್ರತಿಯೊಂದು ಕಲ್ಲೂ ಒಂದು ಸಣ್ಣ ಸುತ್ತಿಗೆ ಪೆಟ್ಟು. ಪಟ್ಟಿ ತೆಳುವಾಗುತ್ತಾ ಉದ್ದವಾಗುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ. ಎರಡೂ ಸೇರಿ ಪಟ್ಟಿ ಸಡಿಲವಾಗುತ್ತದೆ. ಮರ ಕುಗ್ಗಿದ್ದಷ್ಟೇ ಕಾರಣವಾದರೆ ಚಕ್ರವನ್ನು ಕೆರೆಯಲ್ಲೋ ಹೊಳೆಯಲ್ಲೋ ನೆನೆಸಿದರೆ ಮರ ಊದಿ ಸರಿಹೋಗುತ್ತದೆ. ಕಬ್ಬಿಣವೇ ಬೆಳೆದಿದ್ದರೆ ನೀರಿನಿಂದ ಆಗುವುದಿಲ್ಲ, ಪಟ್ಟಿ ಬಿಚ್ಚಿ ಕತ್ತರಿಸಿ ಮತ್ತೆ ಬೆಸೆಯಬೇಕು. ಯಾವುದು ಯಾವಾಗ ಎಂದು ಗುರುತಿಸುವ ರೈತ ಮತ್ತು ಕಮ್ಮಾರ ಇಬ್ಬರೂ ಮರಳುವ ಬಾಗಿಗೂ ಉಳಿಯುವ ಬಾಗಿಗೂ ಇರುವ ವ್ಯತ್ಯಾಸವನ್ನು ಬಲ್ಲವರೇ.

ಇದನ್ನು 'ನಮ್ಮ ಪೂರ್ವಜರಿಗೆ ಎಲ್ಲ ಗೊತ್ತಿತ್ತು' ಎಂಬ ಹೆಮ್ಮೆಯ ಮಾತಾಗಿ ಓದಬಾರದು. ಕಾಯಿಸಿ ಬಿಗಿಯುವ ಕಬ್ಬಿಣದ ಬಳೆ ಯುರೋಪಿನ ಕೆಲ್ಟ್ ಜನರಿಗೂ ಎರಡು ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತು. ಕಬ್ಬಿಣ ಬಡಿದ ಊರುಗಳಲ್ಲೆಲ್ಲ ಕೈ ಈ ಪಾಠ ಕಲಿತಿದೆ. ಇಂಗ್ಲೆಂಡಿನ ಹಳ್ಳಿಯ ಕಮ್ಮಾರನೂ ಟ್ರೆಸ್ಕಾನ ಪುಟಗಳಲ್ಲಿ ಕಾಣಸಿಗುವುದಿಲ್ಲ. ಪ್ರಶ್ನೆ ಪೂರ್ವ ಪಶ್ಚಿಮಗಳದ್ದಲ್ಲ, ಕೈಗೂ ಕಾಗದಕ್ಕೂ ಇರುವ ದೂರದ್ದು.

ಕೋಟೆಯ ಕಬ್ಬಿಣ, ಉಕ್ಕಿನ ಹದ

ಪಟ್ಟಿಗೆ ಕಬ್ಬಿಣ ಎಲ್ಲಿಂದ ಬರುತ್ತಿತ್ತು? ಮೈಸೂರು ಸಂಸ್ಥಾನದಲ್ಲಿ ಅದಿರು ಕರಗಿಸುತ್ತಿದ್ದ ತಾಲೂಕುಗಳನ್ನು ಗೆಜೆಟಿಯರುಗಳು ಪಟ್ಟಿ ಮಾಡುವಾಗ ಮಾಗಡಿ, ಚಿಕ್ಕನಾಯಕನಹಳ್ಳಿ, ಮಳವಳ್ಳಿಗಳ ಜೊತೆ ಹೆಗ್ಗಡದೇವನಕೋಟೆಯನ್ನೂ ಹೆಸರಿಸುತ್ತವೆ. ಕೋಟೆ ಸೀಮೆಯ ಸರಗೂರಿನ ಸುತ್ತಲಿನ ಬಂಡೆಗಳು ಕರ್ನಾಟಕದ ಅತಿ ಹಳೆಯ ಶಿಲಾಸಮೂಹಗಳಲ್ಲಿ ಒಂದು. ಭೂವಿಜ್ಞಾನಿಗಳು ಅದನ್ನು ಸರಗೂರು ಸಮೂಹ ಎಂದೇ ಕರೆಯುತ್ತಾರೆ. ಅದರಲ್ಲಿ ಕಬ್ಬಿಣದ ಪದರಗಳಿವೆ. ಕಾಡಿನ ಇದ್ದಿಲು, ಮಣ್ಣಿನ ಕುಲುಮೆ, ಚರ್ಮದ ತಿದಿ, ಇಷ್ಟರಿಂದ ಸಣ್ಣ ಸಣ್ಣ ಮುದ್ದೆಗಳಲ್ಲಿ ಕಬ್ಬಿಣ ತೆಗೆಯುತ್ತಿದ್ದರು. ಮುಂದೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಅಗ್ಗದ ಪಟ್ಟಿ ಕಬ್ಬಿಣ ಈ ಕುಲುಮೆಗಳನ್ನು ಆರಿಸಿತು.

ಈ ಮೆದು ಕಬ್ಬಿಣದಲ್ಲಿ ಇಂಗಾಲ ತೀರ ಕಡಿಮೆ. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಗಡುಸಾಗುವುದಿಲ್ಲ. ಗಾಡಿಯ ಪಟ್ಟಿಗೆ ಇದೇ ಬೇಕು. ಅದೇ ಜಾಗದಲ್ಲಿ ಹೆಚ್ಚು ಇಂಗಾಲದ ಉಕ್ಕಿನ ಬಳೆ ಇಟ್ಟು ನೀರು ಸುರಿದಿದ್ದರೆ ಅದು ಗಾಜಿನಂತೆ ಪೆಡಸಾಗಿ ಬಿರುಕು ಬಿಡುವ ಅಪಾಯವಿತ್ತು.

ಉಕ್ಕಿನ ಕತೆ ಬೇರೆ. 1800 ಮತ್ತು 1801ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮೂಸೆಯಲ್ಲಿ ಉಕ್ಕು ಮಾಡುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಈ ಉಕ್ಕು 'ವೂಟ್ಸ್' ಎಂಬ ಹೆಸರಿನಲ್ಲಿ ಲಂಡನ್ನಿಗೆ ಹೋಯಿತು. ನಮ್ಮ 'ಉಕ್ಕು' ಎಂಬ ಪದವೇ ಹಾಗಾಯಿತು ಎಂದು ಹಲವರು ಹೇಳುತ್ತಾರೆ. ಅಲ್ಲಿನ ಕಮ್ಮಾರರಲ್ಲಿ ಅನೇಕರಿಗೆ ಅದನ್ನು ಬಡಿಯಲು ಆಗಲಿಲ್ಲ. ತಮ್ಮ ಕಬ್ಬಿಣಕ್ಕೆ ಕೊಡುತ್ತಿದ್ದಷ್ಟೇ ಶಾಖ ಕೊಟ್ಟರೆ ಸುತ್ತಿಗೆಯ ಕೆಳಗೆ ಪುಡಿಯಾಗುತ್ತಿತ್ತು. ಅಷ್ಟು ಇಂಗಾಲವಿರುವ ಉಕ್ಕು ಹರಿಯಲು ಒಪ್ಪುವುದು ಶಾಖದ ಕಿರಿದಾದ ಒಂದು ಪಟ್ಟಿಯೊಳಗೆ ಮಾತ್ರ. ಅದಕ್ಕಿಂತ ತಂಪಾದರೆ ಬಗ್ಗದು, ಬಿಸಿಯಾದರೆ ಒಡೆಯುವುದು. ಕಮ್ಮಾರನ ಬಳಿ ಶಾಖಮಾಪಕ ಇಲ್ಲ. ಕೆಂಪು, ಕಿತ್ತಳೆ, ಹಳದಿ ಎಂಬ ಬಣ್ಣಗಳೇ ಅವನ ಅಳತೆ. ಕುಲುಮೆಯ ಮೂಲೆ ಕತ್ತಲಾಗಿರುವುದು ಆ ಬಣ್ಣ ಗುರುತಿಸಲು ಅನುಕೂಲ.

ಇದಕ್ಕೆಲ್ಲ ಕನ್ನಡದಲ್ಲಿ ಒಂದೇ ಪದವಿದೆ: ಹದ. ಮಳೆಯಾದ ಮೇಲೆ ನೆಲದ ಹದ, ಮುದ್ದೆಗೆ ಹಿಟ್ಟಿನ ಹದ, ಬೆಲ್ಲದ ಪಾಕದ ಹದ, ಚರ್ಮ ಹದಮಾಡುವುದು, ಉಕ್ಕಿಗೆ ಹದ ಕೊಡುವುದು. ಎಲ್ಲದರಲ್ಲೂ ಇರುವುದು ಒಂದೇ ತಿಳಿವಳಿಕೆ: ವಸ್ತು ತನ್ನ ಆಕಾರ ಬಿಟ್ಟುಕೊಡಲು ಒಪ್ಪುವ ಹೊತ್ತನ್ನು ಹಿಡಿಯುವುದು. ಶಾಲೆಯಲ್ಲಿ ನಾವು ಕಲಿತ 'ಕುಟ್ಯತೆ', 'ತನ್ಯತೆ' ಎಂಬ ಪದಗಳು ಲೋಹದ ಗುಣವನ್ನಷ್ಟೇ ಹೇಳುತ್ತವೆ. ಹದ ಎಂಬುದು ಗುಣದ ಜೊತೆಗೆ ಕಾಲವನ್ನೂ, ನೋಡುವವರ ಕಣ್ಣನ್ನೂ ಸೇರಿಸಿಕೊಳ್ಳುತ್ತದೆ.

ಕುಡುಗೋಲಿನ ಬಾಯಿಗೆ ಹದ ಕೊಡುವ ಕ್ರಮವನ್ನೇ ತೆಗೆದುಕೊಳ್ಳಿ. ಅಲಗನ್ನು ಕಾಯಿಸಿ ಬಾಯಿಯ ಭಾಗವನ್ನಷ್ಟೇ ನೀರಿಗೆ ಅದ್ದುತ್ತಾರೆ. ಅದು ಗಡುಸಾಗುತ್ತದೆ. ಹಿಂಬದಿಯಲ್ಲಿ ಉಳಿದ ಶಾಖ ನಿಧಾನವಾಗಿ ಬಾಯಿಯ ಕಡೆಗೆ ಹರಿದು ಬಂದು ಆ ಗಡಸುತನವನ್ನು ಬೇಕಾದಷ್ಟೇ ಇಳಿಸುತ್ತದೆ. ಸರಿಯಾದ ಬಣ್ಣ ಬಂದ ಕ್ಷಣ ಪೂರ್ತಿ ಅದ್ದುತ್ತಾರೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಕಂಬಿಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಪ್ಯಾರಿಸ್ಸಿನಿಂದ ಕೇಂಬ್ರಿಜ್‌ವರೆಗೆ

ಟ್ರೆಸ್ಕಾ ಹೇಳಿದ ನಿಯಮ ಸರಳ. ಲೋಹದ ಒಳಗೆ ಪದರದ ಮೇಲೆ ಪದರ ಜಾರುವಂತೆ ಮಾಡುವ ಬಲ ಒಂದು ಮಿತಿ ತಲುಪಿದಾಗ ಹರಿವು ಆರಂಭವಾಗುತ್ತದೆ. ಏಕೆ ಎಂಬುದು ತಿಳಿಯಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ನೆಲಕ್ಕೆ ಹಾಸಿದ ದೊಡ್ಡ ಕಂಬಳಿಯನ್ನು ಒಟ್ಟಿಗೆ ಎಳೆಯುವುದು ಕಷ್ಟ. ಒಂದು ಅಂಚಿನಲ್ಲಿ ಸುಕ್ಕು ಮಾಡಿ ಆ ಸುಕ್ಕನ್ನು ಇನ್ನೊಂದು ಅಂಚಿಗೆ ತಳ್ಳುತ್ತಾ ಹೋದರೆ ಕಂಬಳಿ ಸುಲಭವಾಗಿ ಸರಿಯುತ್ತದೆ. ಲೋಹದ ಹರಳುಗಳಲ್ಲಿ ಪರಮಾಣುಗಳ ಸಾಲು ತಪ್ಪಿದ ಇಂಥ ಸುಕ್ಕುಗಳಿರುತ್ತವೆ. ಅವು ಸರಿದಾಡುವುದೇ ಲೋಹದ ಹರಿವು. ಹೆಚ್ಚು ಬಡಿದಷ್ಟೂ ಸುಕ್ಕುಗಳು ಹೆಚ್ಚಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಲೋಹ ಗಡುಸಾಗುತ್ತದೆ. ಒಂದೇ ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಾ ಹೋದರೆ ಕೊನೆಗೆ ಮುರಿಯುವುದು ಇದರಿಂದಲೇ. ಕಾಯಿಸಿದರೆ ಆ ಗೋಜಲು ಬಿಡಿಸಿಕೊಳ್ಳುತ್ತದೆ. ಕಮ್ಮಾರ ನಾಲ್ಕಾರು ಪೆಟ್ಟಿಗೊಮ್ಮೆ ಕಬ್ಬಿಣವನ್ನು ಮತ್ತೆ ಕುಲುಮೆಗೆ ಇಡುವುದರ ಒಂದು ಗುಟ್ಟು ಇದು.

ಇನ್ನೊಂದು ಕಡೆ ಕಟ್ಟಡ ಕಟ್ಟುವವರು ಬಹುಕಾಲ ಉಳಿಯುವ ಬಾಗನ್ನು ಶತ್ರು ಎಂದೇ ಕಂಡರು. ತೊಲೆಯ ಯಾವ ಬಿಂದುವಿನಲ್ಲೂ ಮರಳುವ ಬಾಗಿನ ಮಿತಿ ದಾಟಬಾರದು ಎಂಬುದೇ ಲೆಕ್ಕದ ಆಧಾರವಾಗಿತ್ತು. 1914ರಲ್ಲಿ ಹಂಗೇರಿಯ ಗಾಬೋರ್ ಕಾಜಿಂಟ್ಸಿ ಎರಡೂ ತುದಿ ಬಿಗಿದ ಉಕ್ಕಿನ ತೊಲೆಗಳ ಮೇಲೆ ಭಾರ ಹೇರಿ ಪರೀಕ್ಷೆ ಮಾಡಿದ. ಒಂದು ಕಡೆ ಉಕ್ಕು ಹರಿಯಲು ಶುರುವಾದರೂ ತೊಲೆ ಬೀಳಲಿಲ್ಲ. ಭಾರ ಬೇರೆ ಭಾಗಗಳಿಗೆ ಹಂಚಿಹೋಯಿತು. 1930ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಬೇಕರ್ ಈ ವಿಚಾರವನ್ನು ಪೂರ್ಣ ಪ್ರಮಾಣದ ವಿನ್ಯಾಸ ಪದ್ಧತಿಯಾಗಿ ಬೆಳೆಸಿದ, ಮುಂದೆ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕನಾದ.

ಬೇಕರ್‌ನ ಕೆಲಸದ ಅತಿ ಸರಳ ರೂಪ ಒಂದು ಮೇಜು. 1941ರಲ್ಲಿ ಜರ್ಮನ್ ಬಾಂಬ್ ದಾಳಿಯ ನಡುವೆ, ಮನೆಯೊಳಗೇ ಇಟ್ಟು ರಾತ್ರಿ ಅದರ ಕೆಳಗೆ ಮಲಗಬಹುದಾದ ಉಕ್ಕಿನ ಆಸರೆಯನ್ನು ಅವನು ವಿನ್ಯಾಸ ಮಾಡಿದ. ಮಾರಿಸನ್ ಶೆಲ್ಟರ್ ಎಂದು ಅದಕ್ಕೆ ಹೆಸರು. ಮೇಲಿನ ಮಹಡಿ ಕುಸಿದು ಬಿದ್ದಾಗ ಅದು ಗಟ್ಟಿಯಾಗಿ ನಿಲ್ಲಬೇಕು ಎಂಬುದು ಅವನ ಗುರಿಯಾಗಿರಲಿಲ್ಲ. ಅದು ಬಾಗಬೇಕು, ಬಾಗುತ್ತಾ ಬಿದ್ದ ಭಾರದ ಶಕ್ತಿಯನ್ನೆಲ್ಲ ನುಂಗಬೇಕು, ಆದರೆ ಒಳಗಿದ್ದವರನ್ನು ಮುಟ್ಟುವಷ್ಟು ಬಾಗಬಾರದು. ಅಂಥ 5 ಲಕ್ಷಕ್ಕೂ ಹೆಚ್ಚು ಆಸರೆಗಳನ್ನು ಹಂಚಲಾಯಿತು. ಬಾಗಿ ಕೆಟ್ಟುಹೋದ ಮೇಜು, ಕೆಳಗೆ ಬದುಕಿದ ಮನುಷ್ಯರು. ವಿನ್ಯಾಸ ಎಂದರೆ ವಿರೂಪವನ್ನು ತಡೆಯುವುದು ಮಾತ್ರವಲ್ಲ, ಎಲ್ಲಿ ಎಷ್ಟು ವಿರೂಪಕ್ಕೆ ಒಪ್ಪಿಗೆ ಕೊಡಬೇಕೆಂದು ಮೊದಲೇ ತೀರ್ಮಾನಿಸುವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಮೋಲ್ಡಿನೊಳಗಿನ ಕಂಬಿ

ಇವತ್ತು ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೋ, ಕೆ.ಆರ್. ನಗರದ ಕಡೆಗೋ ಹೋದರೆ ಕಬ್ಬಿಣದ ಪಟ್ಟಿಯ ಚಕ್ರ ಅಪರೂಪ. ಕಳೆದ ಶತಮಾನದ ಉತ್ತರಾರ್ಧದಲ್ಲಿ ರಬ್ಬರಿನ ಟೈರ್ ಗಾಡಿ ಬಂತು, ಅದರ ಹಿಂದೆ ಟ್ರ್ಯಾಕ್ಟರ್ ಬಂತು. ಚುಂಚನಕಟ್ಟೆಯ ಜಾತ್ರೆಯಲ್ಲಿ ಎತ್ತುಗಳಿಗೆ ಇನ್ನೂ ಬೆಲೆಯಿದೆ, ಆದರೆ ಚಕ್ರಕ್ಕೆ ಪಟ್ಟಿ ಹಾಕಬಲ್ಲ ಕೈಗಳು ಕಡಿಮೆಯಾಗಿವೆ. ಉಳಿದ ಕುಲುಮೆಗಳಲ್ಲಿ ಕುಡುಗೋಲಿಗೆ ಬಳಸುವುದು ಬಹುತೇಕ ಹಳೆಯ ಲಾರಿಯ ಕಮಾನು ಪಟ್ಟಿಯ ಉಕ್ಕನ್ನೇ. ಎಂದೂ ಶಾಶ್ವತವಾಗಿ ಬಾಗಬಾರದು ಎಂದು ಮಾಡಿದ ಉಕ್ಕನ್ನು ಕಾಯಿಸಿ, ಬಾಗಿಸಿ, ಅಲಗು ಮಾಡುತ್ತಾರೆ.

ಕಬ್ಬಿಣ ಬಾಗಿಸುವ ಕೆಲಸ ಮಾತ್ರ ನಿಂತಿಲ್ಲ. ಅದು ಕುಲುಮೆಯಿಂದ ಮನೆ ಕಟ್ಟುವ ಜಾಗಕ್ಕೆ ಬಂದಿದೆ. ಹಲಗೆಯ ಮೇಲೆ ಮೊಳೆ ಹೊಡೆದು, ಕಬ್ಬಿಣದ ಕೊಳವೆ ಸಿಕ್ಕಿಸಿ ಕಂಬಿಯನ್ನು ಬಾಗಿಸುವ ಹುಡುಗರನ್ನು ನಾಲ್ಕೂ ತಾಲೂಕುಗಳಲ್ಲಿ ನೋಡಬಹುದು. ಅವರ ಕೈಯಲ್ಲಿರುವ ಟಿಎಂಟಿ ಕಂಬಿ ತಯಾರಾಗುವುದು ಹೀಗೆ: ಕೆಂಪಗೆ ಕಾದ ಕಂಬಿ ಗಿರಣಿಯಿಂದ ಹೊರಬರುತ್ತಿದ್ದಂತೆ ಜೋರಾಗಿ ನೀರು ಹಾಯಿಸುತ್ತಾರೆ, ಹೊರಪದರ ಗಡುಸಾಗುತ್ತದೆ, ಒಳಗೆ ಉಳಿದ ಶಾಖ ಹೊರಕ್ಕೆ ಹರಿದು ಆ ಗಡಸುತನಕ್ಕೆ ಹದ ಕೊಡುತ್ತದೆ. ಕುಡುಗೋಲಿನ ಬಾಯಿಗೆ ಮಾಡಿದ್ದೂ ಇದನ್ನೇ. 1970ರ ದಶಕದಲ್ಲಿ ಬೆಲ್ಜಿಯಂನಲ್ಲಿ ಇದು ಕಾರ್ಖಾನೆಯ ವಿಧಾನವಾಗಿ ರೂಪುಗೊಂಡಿತು.

ಕಂಬಿಯ ಗುಣ ಅಳೆಯುವ ಭಾರತೀಯ ಮಾನಕ ಐಎಸ್ 1786. ಅದರಂತೆ ಎಫ್ಇ 500 ದರ್ಜೆಯ ಕಂಬಿ ಮುರಿಯುವ ಮೊದಲು ಕನಿಷ್ಠ ಶೇ. 12ರಷ್ಟು ಉದ್ದವಾಗಬೇಕು. ಎಫ್ಇ 500ಡಿ ಆದರೆ ಶೇ. 16. ಇದೇ ಕಂಬಿ ಮರಳುವ ಬಾಗಿನ ಮಿತಿಯಲ್ಲಿ ಹಿಗ್ಗುವುದು ಸುಮಾರು ಶೇ. 0.25 ಮಾತ್ರ. ಅಂದರೆ ಕಂಬಿಯ ತಾಳ್ಮೆಯ ಬಹುದೊಡ್ಡ ಪಾಲು ಉಳಿಯುವ ಬಾಗಿನಲ್ಲಿದೆ. ಅಂಗಡಿಯಲ್ಲಿ ಎಲ್ಲರೂ ವಿಚಾರಿಸುವುದು 500 ಎಂಬ ಸಂಖ್ಯೆಯನ್ನು. ನಮ್ಮನ್ನು ಕಾಯುವುದು ಮಾತ್ರ ಅದರ ಮುಂದಿನ 'ಡಿ' ಎಂಬ ಅಕ್ಷರ.

ಹೇಗೆ ಕಾಯುತ್ತದೆ? ಕಾಂಕ್ರೀಟು ಬಾಗಲಾರದು, ಒಡೆಯಬಲ್ಲದು ಅಷ್ಟೇ. ಆದ್ದರಿಂದ ತೊಲೆಗೆ ಮಿತಿಮೀರಿ ಭಾರ ಬಿದ್ದಾಗ ಮೊದಲು ಕಂಬಿ ಹರಿಯಬೇಕು, ಕಾಂಕ್ರೀಟು ಆಮೇಲೆ ಪುಡಿಯಾಗಬೇಕು. ನಮ್ಮ ಕಾಂಕ್ರೀಟ್ ಮಾನಕವಾದ ಐಎಸ್ 456ರ ಲೆಕ್ಕ ಈ ಕ್ರಮವನ್ನೇ ಬಯಸುತ್ತದೆ. ಕಂಬಿ ಮೊದಲು ಹರಿದರೆ ತೊಲೆ ಜೋಲುತ್ತದೆ, ಬಿರುಕು ಅಗಲವಾಗುತ್ತದೆ, ಗಾರೆ ಉದುರುತ್ತದೆ. ಮನೆಯವರು ನೋಡಿ ಹೊರಗೆ ಬರಲು ಹೊತ್ತು ಸಿಗುತ್ತದೆ. ಹೆದರಿ ಲೆಕ್ಕ ಮೀರಿ ಕಂಬಿ ತುರುಕಿಸಿದರೆ ಕ್ರಮ ತಿರುಗುಮುರುಗಾಗುತ್ತದೆ. ಕಂಬಿ ಜಗ್ಗದೆ ನಿಂತು, ಕಾಂಕ್ರೀಟು ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. 'ಇನ್ನೆರಡು ಕಂಬಿ ಹಾಕಿ, ಗಟ್ಟಿಯಾಗಲಿ' ಎಂಬ ಮಾತನ್ನು ಮೋಲ್ಡ್ ಹಾಕುವ ಮುನ್ನ ಎಷ್ಟು ಮನೆಗಳಲ್ಲಿ ಕೇಳುವುದಿಲ್ಲ! ಗಟ್ಟಿತನ ಒಂದು, ಸುರಕ್ಷತೆ ಇನ್ನೊಂದು.

ಕಂಬದ ಕಂಬಿಗಳನ್ನು ಸುತ್ತುವ ರಿಂಗಿನ ಕತೆಯೂ ಹೀಗೆಯೇ. ಅದರ ತುದಿಯನ್ನು 90 ಡಿಗ್ರಿಗೆ ಬಾಗಿಸಿ ಬಿಡುವುದು ಸುಲಭ. ಆದರೆ ಕಂಬ ಅಲುಗಾಡಿ ಹೊರಗಿನ ಕಾಂಕ್ರೀಟು ಉದುರಿದಾಗ ಅಂಥ ರಿಂಗು ಬಿಚ್ಚಿಕೊಳ್ಳುತ್ತದೆ. 135 ಡಿಗ್ರಿಗೆ ಬಾಗಿಸಿ ತುದಿಯನ್ನು ಒಳಗಿನ ಕಾಂಕ್ರೀಟಿಗೆ ಸೇರಿಸಿದರೆ ಅದು ಕೊನೆಯವರೆಗೆ ಹಿಡಿದಿರುತ್ತದೆ. ಭೂಕಂಪ ತಾಳುವ ಕಟ್ಟಡಗಳಿಗಾಗಿ 1993ರಲ್ಲಿ ಬಂದ ಐಎಸ್ 13920 ಹೇಳುವುದು ಇದನ್ನೇ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಕುಸಿದವು. ಆಮೇಲೆ ನಡೆದ ಪರಿಶೀಲನೆಗಳಲ್ಲಿ ಮತ್ತೆ ಮತ್ತೆ ಕಂಡದ್ದು ಕಂಬಿ ಕಟ್ಟುವ ಇಂಥ ವಿವರಗಳ ಕೊರತೆ. ಮೈಸೂರು ಜಿಲ್ಲೆಯನ್ನು ದೀರ್ಘಕಾಲ ಭೂಕಂಪದ ಅಪಾಯ ಅತಿ ಕಡಿಮೆ ಇರುವ ವಲಯವೆಂದೇ ಗುರುತಿಸಿದ್ದರು, ನಿಜ. ಆದರೆ ಪಕ್ಕದ ನಿವೇಶನದಲ್ಲಿ ಪಾಯ ಅಗೆದಾಗ, ಎರಡು ಮಹಡಿಯ ಕಂಬದ ಮೇಲೆ ನಾಲ್ಕನೆಯದನ್ನು ಏರಿಸಿದಾಗ ವಲಯದ ನಕ್ಷೆ ಕಾಪಾಡುವುದಿಲ್ಲ.

ಮುಂದೆ ಮಹಡಿ ಕಟ್ಟೋಣ ಎಂದು ತಾರಸಿಯ ಮೇಲೆ ಬಿಟ್ಟ ಕಂಬಿಗಳನ್ನೂ ನೋಡಿ. ಮಕ್ಕಳಿಗೆ ಚುಚ್ಚದಿರಲಿ ಎಂದು ಅವನ್ನು ಬಾಗಿಸಿಬಿಡುತ್ತಾರೆ, ಹತ್ತು ವರ್ಷದ ಮೇಲೆ ತಟ್ಟಿ ನೆಟ್ಟಗೆ ಮಾಡುತ್ತಾರೆ. ಕಣ್ಣಿಗೆ ಕಂಬಿ ಮೊದಲಿನಂತೆಯೇ ಕಾಣುತ್ತದೆ. ಆದರೆ ಒಂದೇ ಜಾಗದಲ್ಲಿ ಎರಡು ಸಲ ಹರಿದ ಉಕ್ಕು ತನ್ನ ತಾಳ್ಮೆಯ ಒಂದು ಪಾಲನ್ನು ಆಗಲೇ ಖರ್ಚು ಮಾಡಿರುತ್ತದೆ. ಜೊತೆಗೆ ತುಕ್ಕು ಬೇರೆ. ಲೋಹ ನೆನಪಿಟ್ಟುಕೊಳ್ಳುತ್ತದೆ ಎಂದು ಮೊದಲೇ ಹೇಳಿದ್ದು ಇದನ್ನೇ.

ದಾಖಲೆಯಲ್ಲಿ ಇಲ್ಲದ ಕೈ

ಹುಣಸೂರಿನ ಕುರಿತ ಹಳೆಯ ಬರಹಗಳು ಎತ್ತುಗಳನ್ನು ಎಣಿಸುತ್ತವೆ, ಕಾರ್ಖಾನೆಗಳನ್ನು ಹೆಸರಿಸುತ್ತವೆ, ಗಾಡಿಗಳು ಒಳ್ಳೆಯವು ಎಂದು ಮೆಚ್ಚುತ್ತವೆ. ಬಳೆಯನ್ನು ಎಷ್ಟು ಕಿರಿದಾಗಿ ಮಾಡಬೇಕು, ಯಾವ ಬಣ್ಣಕ್ಕೆ ಎತ್ತಬೇಕು, ನೀರು ಯಾವಾಗ ಸುರಿಯಬೇಕು ಎಂದು ತೀರ್ಮಾನಿಸಿದವರ ಬಗ್ಗೆ ಒಂದು ಸಾಲೂ ಇಲ್ಲ. ಹಳ್ಳಿಯ ಲೆಕ್ಕದಲ್ಲಿ ಕಮ್ಮಾರ, ಬಡಗಿಗಳು ಆಯಗಾರರು. ಸುಗ್ಗಿಯ ಕಣದಲ್ಲಿ ರಾಗಿ ಭತ್ತ ಅಳೆಸಿಕೊಂಡು ಹೋಗುವವರು. ಸೇನೆಯ ಲೆಕ್ಕದಲ್ಲಿ ಅವರು ಕೂಲಿಯ ಒಂದು ಕಲಂ. ಎರಡು ಕಡೆಯೂ ಅವರ ತೀರ್ಮಾನಕ್ಕೆ ವಿನ್ಯಾಸ ಎಂಬ ಹೆಸರು ಸಿಗಲಿಲ್ಲ.

ಅದು ಹಳೆಯ ಅನ್ಯಾಯ ಮಾತ್ರವಾಗಿದ್ದರೆ ಇತಿಹಾಸದ ವಿದ್ಯಾರ್ಥಿಗಳಷ್ಟೇ ಕೊರಗಿದರೆ ಸಾಕಿತ್ತು. ಆದರೆ ಆ ವಿಂಗಡಣೆ ಇಂದಿಗೂ ಹಾಗೆಯೇ ಇದೆ. ನಕ್ಷೆಯ ಮೇಲೆ ಸಹಿ ಹಾಕುವವರು ವಿನ್ಯಾಸಕರು, ರಿಂಗು ಬಾಗಿಸುವ ಹುಡುಗ ಕೂಲಿ. ನಕ್ಷೆಯಲ್ಲಿ 135 ಎಂದು ಬರೆದಿದ್ದರೂ ಅದನ್ನು 90ಕ್ಕೆ ನಿಲ್ಲಿಸಬೇಕೋ ಇನ್ನೂ 45 ಡಿಗ್ರಿ ಬಾಗಿಸಬೇಕೋ ಎಂಬ ಕೊನೆಯ ತೀರ್ಮಾನ ಆ ಕೈಯದ್ದೇ. ಏಕೆ ಬಾಗಿಸಬೇಕು ಎಂದು ಅವನಿಗೆ ಯಾರಾದರೂ ಹೇಳುತ್ತಾರೆಯೇ? ದಿನಕ್ಕೆ ಇಷ್ಟು ರಿಂಗು ಎಂದು ಲೆಕ್ಕ ಕೇಳುವವರೇ ಹೆಚ್ಚು. ಹಳೆಯ ಕಮ್ಮಾರನಿಗೆ ಕುಲುಮೆಯ ಪಕ್ಕ ತಿದಿ ಒತ್ತುತ್ತಾ ವರ್ಷಗಟ್ಟಲೆ ಕಲಿಯುವ ಅವಕಾಶವಿತ್ತು. ಚಕ್ರ ಸಡಿಲವಾದರೆ ಅದು ಮರಳಿ ಅವನ ಬಾಗಿಲಿಗೇ ಬರುತ್ತಿತ್ತು, ತಪ್ಪು ಅವನ ಕಣ್ಣಿಗೆ ಬೀಳುತ್ತಿತ್ತು. ಇಂದಿನ ಹುಡುಗ ಬಾಗಿಸಿದ್ದು ಮರುದಿನವೇ ಕಾಂಕ್ರೀಟಿನೊಳಗೆ ಮುಚ್ಚಿಹೋಗುತ್ತದೆ. ಸರಿಯೋ ತಪ್ಪೋ ಎಂದು ತಿಳಿಯುವ ದಿನ ಬಂದರೆ ಅಂದು ಅವನು ಅಲ್ಲಿರುವುದಿಲ್ಲ.

ಟ್ರೆಸ್ಕಾ, ಬೇಕರ್ ಮುಂತಾದವರ ಸಾಧನೆ ದೊಡ್ಡದು. ಕೈಗೆ ತಿಳಿದಿದ್ದನ್ನು ಸಂಖ್ಯೆಗೆ ಇಳಿಸಿದ್ದರಿಂದಲೇ ಎಂದೂ ಕುಲುಮೆ ನೋಡದವರೂ ಸೇತುವೆ ಕಟ್ಟಬಲ್ಲವರಾದರು. ಆದರೆ ಸಂಖ್ಯೆ ತಾನಾಗಿ ಕಂಬಿಯನ್ನು ಬಾಗಿಸುವುದಿಲ್ಲ. ವಿನ್ಯಾಸದ ಚರಿತ್ರೆ ಬರೆಯುವಾಗ ಕೈಯನ್ನು ಬಿಟ್ಟು ಬರೆದರೆ, ಮನೆ ಕಟ್ಟುವಾಗಲೂ ಕೈಗೆ ಹೇಳಬೇಕಾದದ್ದನ್ನು ಹೇಳದೆ ಕಟ್ಟುತ್ತೇವೆ. ಗಾಡಿಯ ಚಕ್ರ ಮ್ಯೂಸಿಯಂ ಸೇರಲಿ, ಅಡ್ಡಿಯಿಲ್ಲ. ಅದರ ಪಕ್ಕದ ಫಲಕದಲ್ಲಿ 'ಎತ್ತಿನ ಗಾಡಿಯ ಚಕ್ರ, ಹುಣಸೂರು' ಎಂದಷ್ಟೇ ಬರೆಯದೆ, ಈ ಬಳೆ ಎಷ್ಟು ಹಿಗ್ಗಿ, ಎಷ್ಟು ಹರಿದು, ಎಲ್ಲಿ ನಿಂತಿತು ಎಂಬುದನ್ನೂ ಬರೆಯೋಣ. ಅದನ್ನು ಓದುವವರಲ್ಲಿ ನಾಳೆ ರಿಂಗು ಬಾಗಿಸುವ ಹುಡುಗನೂ ಇರಲಿ.